ದೇವರಿಗೆ ಹೇಳಿದ ವಿಳಾಸ

ಪ್ರಾರ್ಥನೆ ಅಕ್ಕ ಎಂಬ ಹೆಸರು ಬರುವ ಮುಂಚೆ ಅವಳಿಗೆ ಇನ್ನೊಂದು ಹೆಸರಿತ್ತು: ರೇಡಿಯೋ. ಆಸ್ಪತ್ರೆಯ ಹಿಂದಿನ ಲಾಂಡ್ರಿಯಲ್ಲಿ ಇಸ್ತ್ರಿ ಯಂತ್ರಕ್ಕೆ ಹಾಸಿಗೆ ಬಟ್ಟೆ ಕೊಡುವುದು ಅವಳ ಕೆಲಸ. ಎರಡು ದಪ್ಪ ಉರುಳೆಗಳ ನಡುವೆ ಒದ್ದೆ ಬಟ್ಟೆ ಹೋಗಿ ಆ ಕಡೆ ಗರಿಗರಿಯಾಗಿ ಬರುತ್ತದೆ. ಕೈತುಂಬ ಕೆಲಸ, ಬಾಯಿಗೆ ಮಾತ್ರ ಪುರುಸೊತ್ತು. ಇಂಥ ಕಡೆ ನಾಲಿಗೆ ಸುಮ್ಮನಿರುವುದುಂಟೇ? ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಮಗ ಡುಮ್ಕಿ ಹೊಡೆದ, ಎಲ್ಲವೂ ಹೊತ್ತು ಮುಳುಗುವುದರೊಳಗೆ ಬೀದಿ ತುಂಬ ಬಿತ್ತರವಾಗುತ್ತಿತ್ತು. ಅವಳ ಗಂಡ ಬೀಗ ರಿಪೇರಿ ಮಾಡುವವನು. "ಈ ಊರಲ್ಲಿ ನಾನು ತೆಗೀದೇ ಇರೋ ಬೀಗ ಇಲ್ಲ. ನಮ್ಮನೇಲಿ ಹಾಕೋಕೆ ಒಂದು ಸಿಗಲಿಲ್ಲ ನೋಡಿ," ಎಂದು ಗಿರಾಕಿಗಳ ಮುಂದೆ ನಗುತ್ತಿದ್ದ.

ಅವಳು ಬದಲಾದದ್ದು ಒಂದು ಬುಧವಾರ. ಪ್ರತಿ ಬುಧವಾರ ಸಂಜೆ, ನಿವೃತ್ತ ಮೇಷ್ಟ್ರೊಬ್ಬರ ಮನೆಯ ಮುಂದಿನ ಕೋಣೆಯಲ್ಲಿ ಪ್ರಾರ್ಥನೆ ಕೂಟ ನಡೆಯುತ್ತಿತ್ತು. ಅವರನ್ನು ಎಲ್ಲರೂ ಹಿರಿಯರು ಎಂದೇ ಕರೆಯುತ್ತಿದ್ದರು. ಅಂದು ಹಿರಿಯರು ಸತ್ಯವೇದ ತೆರೆದು ನಾಲಿಗೆಯ ಮೇಲೆ ಮಾತಾಡಿದರು. ಕುದುರೆಗೆ ಕಡಿವಾಣ ಹಾಕುತ್ತೇವೆ, ನಾಲಿಗೆಗೆ ಯಾಕಿಲ್ಲ? ಕಾಡು ಸುಡಲು ಒಂದು ಕಿಡಿ ಸಾಕಲ್ಲವೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡರಂತಲ್ಲ, ಹಾಗೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಇನ್ನು ಮೇಲೆ ಯಾರ ವಿಷಯವನ್ನೂ ಮನುಷ್ಯರ ಹತ್ತಿರ ಹೇಳುವುದಿಲ್ಲ, ಹೇಳುವುದಿದ್ದರೆ ದೇವರ ಹತ್ತಿರ ಎಂದು ನಿಶ್ಚಯ ಮಾಡಿದಳು. ಅಲ್ಲೇ ಎಡವಟ್ಟಾದದ್ದು. ರೇಡಿಯೋ ನಿಲ್ಲಲಿಲ್ಲ, ಸ್ಟೇಷನ್ ಬದಲಾಯಿತು ಅಷ್ಟೇ.

ಕೂಟದಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂತಾಗ ಅವಳು ಎದ್ದು ನಿಂತು ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದಳು. ಒಬ್ಬ ತಂದೆಯ ಕುಡಿತ, ಒಬ್ಬ ಹುಡುಗಿಯ ಮುರಿದ ನಿಶ್ಚಿತಾರ್ಥ, ಯಾರದೋ ಹೊಟ್ಟೆಯ ಗಡ್ಡೆ, ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ದೇವರ ಮುಂದಿಡುತ್ತಿದ್ದಳು. ಹೆಸರು ಮಾತ್ರ ಹೇಳುತ್ತಿರಲಿಲ್ಲ. ಹೆಸರು ಹೇಳದಿದ್ದರೆ ಅದು ಚಾಡಿಯಲ್ಲ ಎಂಬುದು ಅವಳ ಲೆಕ್ಕ. ಹೇಳುವ ಅಗತ್ಯವೂ ಇರಲಿಲ್ಲವೆನ್ನಿ, ಮೂರನೆಯ ವಾಕ್ಯಕ್ಕೆ ಕೋಣೆಯಲ್ಲಿದ್ದವರಿಗೆಲ್ಲ ಗೊತ್ತಾಗುತ್ತಿತ್ತು. "ಅಕ್ಕನ ವಿಶ್ವಾಸ ದೊಡ್ಡದು," ಎಂದು ಯಾರಾದರೂ ಹೊಗಳಿದರೆ "ನಾನೇನು, ಕಾಲ ಕೆಳಗಿನ ಧೂಳು," ಎನ್ನುತ್ತಿದ್ದಳು. ಹಾಗೆಂದ ಮೇಲೆ, ಅವರು ಅಲ್ಲ ಎನ್ನಲಿ ಎಂದು ಒಂದು ಗಳಿಗೆ ಕಾಯುತ್ತಿದ್ದಳು. ಇನ್ನೊಂದು ಸಣ್ಣ ಚಾಳಿಯಿತ್ತು. ಪ್ರಾರ್ಥನೆಯ ನಡುವೆ ಒಂದು ಕಣ್ಣನ್ನು ಕೂದಲೆಳೆಯಷ್ಟು ತೆರೆದು ಯಾರ‍್ಯಾರು ಕಣ್ಣೊರೆಸಿಕೊಳ್ಳುತ್ತಿದ್ದಾರೆ ಎಂದು ನೋಡುವುದು.

ಲಾಂಡ್ರಿಗೆ ಹೊಸಬಳು ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಮೂವತ್ತು ದಾಟಿರಲಾರದು, ಮಾತು ಕಮ್ಮಿ, ಬಾಗಿಲು ತೆರೆದ ಸದ್ದಿಗೆಲ್ಲ ತಿರುಗಿ ನೋಡುವವಳು. ಸೂಪರ್‌ವೈಸರಮ್ಮ ಅವಳಿಗೆ ಲಾಂಡ್ರಿಯ ಮೇಲಿನ ಕೋಣೆಯನ್ನೇ ಬಿಟ್ಟುಕೊಟ್ಟಿದ್ದಳು. ಈ ಸೂಪರ್‌ವೈಸರಮ್ಮನ ಬಾಯಿ ಎಂದರೆ ಬಚ್ಚಲು. ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಬಯ್ಯಲು ಹಿಡಿದರೆ ಯಂತ್ರ, ಸೋಪಿನ ಪುಡಿ, ದೊಡ್ಡ ಡಾಕ್ಟರು, ಯಾರನ್ನೂ ಬಿಡುತ್ತಿರಲಿಲ್ಲ. ಅವಳ ನಾಲಿಗೆ ಶುದ್ಧವಾಗಲಿ ಎಂದು ಪ್ರಾರ್ಥನೆ ಅಕ್ಕ ವಾರವಾರ ಪ್ರಾರ್ಥಿಸುತ್ತಿದ್ದಳು.

ಹೊಸಬಳು ಎಲ್ಲ ಕೆಲಸಕ್ಕೂ ಕೈ ಹಾಕುತ್ತಿದ್ದಳು, ಇಸ್ತ್ರಿಪೆಟ್ಟಿಗೆಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಡಾಕ್ಟರುಗಳ ಕೋಟನ್ನು ಕೈಯಲ್ಲೇ ಇಸ್ತ್ರಿ ಮಾಡಬೇಕು. ಆ ಸರದಿ ಬಂದಾಗೆಲ್ಲ ಬೇರೆಯವರ ಕೆಲಸ ಕೇಳಿ ಇಸಿದುಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ಇಬ್ಬರೇ ಊಟಕ್ಕೆ ಕೂತಾಗ ಅಕ್ಕ ಕೇಳಿಯೇಬಿಟ್ಟಳು. ಹೊಸಬಳು ಬಾಗಿಲ ಕಡೆ ನೋಡಿ, ಎಡಗೈ ಮುಚ್ಚಿದ್ದ ರವಿಕೆಯ ಉದ್ದ ತೋಳನ್ನು ಮೇಲೆ ಸರಿಸಿದಳು. ಇಸ್ತ್ರಿಪೆಟ್ಟಿಗೆಯನ್ನು ಒತ್ತಿ ಎತ್ತಿದ ಗುರುತು, ಚೂಪು ಮೂತಿ ಮಣಿಕಟ್ಟಿನ ಕಡೆಗೆ.

"ಗಂಡನ ಅಂಗಿ ಕಾಲರ್ ಸರಿಯಾಗಿ ಮಡಚಲಿಲ್ಲ ಅಂತ," ಎಂದಳು. "ಕೋಪದಲ್ಲಿ ಮಾಡಿದ್ದಲ್ಲ ಅಕ್ಕ. ನಿಧಾನವಾಗಿ, ಪಾಠ ಹೇಳಿಕೊಡೋ ಹಾಗೆ."

"ಗಂಡ ಈಗ ಎಲ್ಲಿದಾನೆ?"

"ಹುಡುಕ್ತಿದಾನೆ. ನಾನು ಯಾರಿಗೆ ಹೆದರಿ ಇಲ್ಲಿದೀನಿ ಅನ್ನೋದು ಸೂಪರ್‌ವೈಸರಮ್ಮಂಗೆ ಗೊತ್ತು, ಈಗ ನಿಮಗೆ ಗೊತ್ತು. ಇನ್ನೊಬ್ಬರ ಕಿವಿಗೆ ಬಿದ್ರೆ ಅವನ ಕಿವಿಗೂ ಬೀಳುತ್ತೆ. ಆಮೇಲೆ ನಾನು ಉಳಿಯಲ್ಲ."

"ಮನುಷ್ಯರ ಹತ್ತಿರ ಹೇಳೋದು ನಾನು ಯಾವತ್ತೋ ಬಿಟ್ಟಿದೀನಿ ಮಗಳೇ," ಎಂದು ಅಕ್ಕ ಅವಳ ತಲೆ ಸವರಿದಳು. ಅದು ಸುಳ್ಳೇನೂ ಆಗಿರಲಿಲ್ಲ.

ಕೂಟಕ್ಕೆ ಆ ದಿನಗಳಲ್ಲಿ ಒಬ್ಬ ಹೊಸ ಮನುಷ್ಯ ಬರುತ್ತಿದ್ದ. ಎಲ್ಲರಿಗಿಂತ ಮುಂಚೆ ಬಂದು ಕುರ್ಚಿ ಹಾಕುವುದು, ಮುಗಿದ ಮೇಲೆ ಮಡಚಿ ಗೋಡೆಗೆ ಒರಗಿಸುವುದು, ಮುದುಕಿಯರನ್ನು ಕೈಹಿಡಿದು ಮೆಟ್ಟಿಲು ಇಳಿಸುವುದು. ಜನ ಅವನಿಗೆ ಕುರ್ಚಿಯಣ್ಣ ಎಂದು ಹೆಸರಿಟ್ಟಿದ್ದರು. ಒಡೆದ ಮನೆ ಒಂದಾಗಲಿ ಎಂದು ಪ್ರಾರ್ಥಿಸಿ ಎಂಬುದನ್ನು ಬಿಟ್ಟರೆ ತನ್ನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ದೀನತೆ ಎಂದರೆ ಇದು ಎಂದು ಹಿರಿಯರು ಅವನನ್ನು ತೋರಿಸಿ ಹೇಳಿದ್ದರು. ಬಟ್ಟೆಯಲ್ಲೇ ಕಣ್ಣು ಪಳಗಿದ ಅಕ್ಕನಿಗೆ ಅವನ ಅಂಗಿ ಮೆಚ್ಚಿಗೆಯಾಗಿತ್ತು. ಕಾಲರ್ ಒಂದು ಸುಕ್ಕಿಲ್ಲದೆ ಚಾಕುವಿನ ಅಲಗಿನ ಹಾಗೆ ಮಡಚಿರುತ್ತಿತ್ತು. ಮೆಚ್ಚಿಕೊಂಡಳೇ ಹೊರತು, ಆ ಪುಣ್ಯಾತ್ಮಳಿಗೆ ಬೇರೇನೂ ಹೊಳೆಯಲಿಲ್ಲ.

ಆ ಬುಧವಾರ ಅವಳು ಎದ್ದು ನಿಂತಳು. "ಕರ್ತನೇ, ಆಸ್ಪತ್ರೆಯ ಹಿಂದೆ ಹಬೆಯಲ್ಲಿ ಬೇಯುವ ಒಬ್ಬ ಮಗಳನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ. ಹೆಸರು ನಿನಗೆ ಗೊತ್ತು, ನಾನು ಹೇಳುವುದಿಲ್ಲ. ಕಟ್ಟಿಕೊಂಡವನೇ ಅವಳ ಎಡಗೈ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒತ್ತಿದ್ದನ್ನು ನೀನು ಕಂಡಿದ್ದೀ. ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಒಬ್ಬಳೇ ಹೆದರಿ ಮಲಗುವವಳ ಬಾಗಿಲಿಗೆ ನಿನ್ನ ದೂತರನ್ನು ಕಾವಲಿಡು." ಅಲ್ಲಲ್ಲಿ ಮೂಗೆಳೆಯುವುದು ಕೇಳಿಸಿತು. ಚಾಳಿಯಂತೆ ಅವಳು ಒಂದು ಕಣ್ಣು ತೆರೆದಳು.

ಬಗ್ಗಿದ ತಲೆಗಳ ನಡುವೆ ಒಂದು ತಲೆ ನೆಟ್ಟಗಿತ್ತು. ಕುರ್ಚಿಯಣ್ಣ ಎರಡೂ ಕಣ್ಣು ತೆರೆದು ಅವಳ ಬಾಯನ್ನೇ ನೋಡುತ್ತಿದ್ದ, ದಾರಿ ಕೇಳಿದವನು ದಾರಿ ಹೇಳುವವರ ಬಾಯಿ ನೋಡುವ ಹಾಗೆ. ಕಣ್ಣಿಗೆ ಕಣ್ಣು ಕೂಡಿದಾಗ ಅವನು ಗಾಬರಿಯಾಗಲಿಲ್ಲ. ಮೆಲ್ಲಗೆ ರೆಪ್ಪೆ ಮುಚ್ಚಿದ. ಆಮೆನ್ ಹೇಳುವಾಗ ಎಲ್ಲರಿಗಿಂತ ಅವನ ದನಿಯೇ ಗಟ್ಟಿಯಾಗಿತ್ತು. ಆಮೇಲೆ ನೋಡಿದರೆ ಕುರ್ಚಿಗಳು ಹಾಕಿದಲ್ಲೇ ಇದ್ದವು, ಅವನಿರಲಿಲ್ಲ.

ಆಗ ಅವಳಿಗೆ ಆ ಕಾಲರ್ ನೆನಪಾಯಿತು.

ಮನೆಗೆ ಬಂದು, ಬೀಗದೊಳಗೆ ಎಣ್ಣೆ ಬಿಡುತ್ತಿದ್ದ ಗಂಡನಿಗೆ ಎಲ್ಲ ಹೇಳಿದಳು. ಅವನು ಎಣ್ಣೆ ಬಾಟಲಿ ಕೆಳಗಿಟ್ಟ.

"ಅಲ್ಲ ಕಣೇ, ದೇವರಿಗೆ ಅಡ್ರೆಸ್ ಯಾಕೆ ಬೇಕಿತ್ತು?"

ಮದುವೆಯಾದಂದಿನಿಂದ ಅವಳನ್ನು ಸುಮ್ಮನಾಗಿಸಿದ ಮೊದಲ ಮಾತು ಅದೇ ಇರಬೇಕು.

"ಈಗಲೇ ಹೋಗಿ ಹೇಳು ಆ ಹುಡುಗಿಗೆ. ನಾನೂ ಬರ್ತೀನಿ," ಎಂದ ಅವನು.

"ಅವನೇ ಇವನು ಅಂತ ಹೇಗೆ ಹೇಳೋದು? ಸುಮ್ಮನೆ ಒಬ್ಬರ ಮೇಲೆ ತೀರ್ಪು ಮಾಡಬಾರದು. ಬೆಳಗ್ಗೆ ನೋಡೋಣ," ಎಂದಳು. ವೇದದ ಮಾತು ಅವಳಿಗೆ ಬೇಕೆಂದಾಗ ಸಿಗುತ್ತಿತ್ತು. ನಿಜ ಬೇರೆಯೇ ಇತ್ತು: ಹೋದರೆ, ಹೇಳಿದ್ದು ನಾನು ಎನ್ನಬೇಕಾಗುತ್ತಿತ್ತು. ತಲೆ ಸವರಿಸಿಕೊಂಡವಳ ಮುಂದೆ ಮತ್ತೆ ರೇಡಿಯೋ ಆಗಿ ನಿಲ್ಲುವುದಕ್ಕೆ ಅವಳು ಸಿದ್ಧಳಿರಲಿಲ್ಲ.

ಬೆಳಗ್ಗೆ ಲಾಂಡ್ರಿಯ ಬೀದಿಗೆ ತಿರುಗಿದಾಗ ಎದುರಿನ ಔಷಧಿ ಅಂಗಡಿಯ ಕಟ್ಟೆಯ ಮೇಲೆ ಅವನು ಕೂತಿದ್ದ. ಒಗೆದ ಅಂಗಿ, ಅಲಗಿನಂಥ ಕಾಲರ್, ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ, ಮೂತಿ ಚೂಪಾದ, ಭಾರವಾದದ್ದೇನೋ ಒಂದು. ಅವಳನ್ನು ಕಂಡು ತಲೆಬಾಗಿ ನಮಸ್ಕಾರ ಮಾಡಿದ. ಅವಳು ಓಡುವ ಹಾಗೆ ಒಳಗೆ ಹೋದಳು.

ಒಳಗೆ ಹೊಸಬಳು ಆಗಲೇ ಹಬೆ ಕೂತ ಕಿಟಕಿ ಗಾಜನ್ನು ಅಂಗೈಯಿಂದ ಒರೆಸಿ ಅವನನ್ನು ನೋಡಿದ್ದಳು. ಸೂಪರ್‌ವೈಸರಮ್ಮ ಅವಳ ರಟ್ಟೆ ಹಿಡಿದು ಹಿಂಬಾಗಿಲ ಕಡೆ ಎಳೆಯುತ್ತಿದ್ದಳು. "ಬಾ ಅಂದ್ರೆ ಬಾರೇ. ಬಟ್ಟೆ ವ್ಯಾನು ನಿಂತಿದೆ. ನನ್ನ ತಮ್ಮನೇ ಓಡಿಸೋದು. ಮೂಟೆಗಳ ನಡುವೆ ಕೂತ್ಕೋ, ನಾನು ಹೇಳಿದಲ್ಲಿ ಇಳಿಸ್ತಾನೆ."

ಹೊಸಬಳು ಕೈ ಕೊಸರಿಕೊಂಡಳು. "ನಿಮ್ಮ ವ್ಯಾನಿಗೆ ಹತ್ತಿದ್ರೆ ಅವನ ಮನೆ ಬಾಗಿಲಿಗೇ ಇಳಿಸ್ತೀರಿ. ಗೊತ್ತಿದ್ದಿದ್ದು ನಿಮ್ಮಿಬ್ಬರಿಗೆ. ಅಕ್ಕ ದೇವರ ಮನುಷ್ಯರು, ಹೇಳಲ್ಲ. ದಿನವೆಲ್ಲ ಒದರೋ ಬಾಯಿ ನಿಮ್ದು."

"ನನ್ನ ಬಾಯಿ ಹೊಲಸು. ಆದರೆ ಅದರಿಂದ ನಿನ್ನ ವಿಷಯ ಒಂದಕ್ಷರ ಹೊರಗೆ ಬಂದಿಲ್ಲ," ಎಂದಳು ಸೂಪರ್‌ವೈಸರಮ್ಮ. ಹೊಸಬಳು ನಂಬಲಿಲ್ಲ. ಬೀದಿಯ ಕೊನೆಯಲ್ಲಿ ಬಸ್ಸು ಸಿಗುತ್ತದೆ, ಓಡುತ್ತೇನೆ ಎಂದು ಮುಂಬಾಗಿಲ ಕಡೆ ತಿರುಗಿದಳು. ಆ ಬಾಗಿಲಿಗೂ ಬಸ್ಸಿಗೂ ನಡುವೆ ಅವನು ಕೂತಿದ್ದ.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಹಿಂದಿನಿಂದ ಹೋಗು ಮಗಳೇ, ದೇವರ ಚಿತ್ತ ಅಂತ ತಿಳ್ಕೋ..." ಎಂದು ಶುರು ಮಾಡಿದಳು. ಮಾತು ಎಂದಿನ ಹಾಗೆ ಇಂಪಾಗಿ ಬರುತ್ತಿತ್ತು. ಹೊಸಬಳು ನಿಲ್ಲಲಿಲ್ಲ, ಕೈ ಚಿಲಕದ ಮೇಲೆ ಬಿತ್ತು. ತನ್ನ ಮಾನವೋ ಇವಳ ಪ್ರಾಣವೋ ಎಂಬುದು ಅಷ್ಟು ಸಲೀಸಾದ ಪ್ರಶ್ನೆ, ಆದರೂ ಅಕ್ಕನಿಗೆ ಕಷ್ಟವಾಯಿತು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

"ಹೇಳಿದ್ದು ನಾನು," ಎಂದಳು. "ಅವಳಲ್ಲ. ನಾನು. ಅವನು ನಮ್ಮ ಕೂಟಕ್ಕೆ ಬರ್ತಾನೆ."

"ನೀವು ಅವನಿಗೆ ಹೇಳಿದ್ರಾ?"

"ದೇವರಿಗೆ ಹೇಳಿದೆ. ಗಟ್ಟಿಯಾಗಿ."

ಹೊಸಬಳು ಅವಳನ್ನು ನೋಡಿದಳು. ಬಯ್ದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಚಿಲಕ ಬಿಟ್ಟು, ಸೂಪರ್‌ವೈಸರಮ್ಮನ ಹಿಂದೆ ಹೋಗಿ ವ್ಯಾನು ಹತ್ತಿ ಬಿಳಿ ಮೂಟೆಗಳ ನಡುವೆ ಮುದುಡಿ ಕೂತಳು. ಬಾಗಿಲು ಹಾಕುವ ಮುಂಚೆ ಒಂದೇ ಮಾತು ಆಡಿದಳು.

"ಅಕ್ಕ, ನನಗೋಸ್ಕರ ಇನ್ನು ಪ್ರಾರ್ಥನೆ ಮಾಡಬೇಡಿ."

ವ್ಯಾನು ಹೋದ ಮೇಲೆ ಅವನು ಒಳಗೆ ಬಂದ. ಮೇಲಿನ ಕೋಣೆಗೆ ಹತ್ತಿ ಇಳಿದ, ಅವಸರವಿಲ್ಲದೆ. ಸೂಪರ್‌ವೈಸರಮ್ಮ ಅವನ ವಂಶವನ್ನೆಲ್ಲ ಜಾಲಾಡುತ್ತ ಆಸ್ಪತ್ರೆಯ ಕಾವಲುಗಾರರನ್ನು ಕೂಗಿದಳು. ಅವನು ಅವಳತ್ತ ನೋಡಲೂ ಇಲ್ಲ. ಕಾವಲುಗಾರರು ಬರುವ ಮುಂಚೆಯೇ ಹೊರಟು, ಉರುಳೆಗಳ ಮುಂದಿದ್ದ ಅಕ್ಕನ ಪಕ್ಕ ಒಂದು ಗಳಿಗೆ ನಿಂತು ಮೃದುವಾಗಿ ಹೇಳಿದ: "ಊರೂರು ಸುತ್ತಿದೆ ಅಕ್ಕ. ಪೊಲೀಸರು ಹೇಳಲ್ಲ, ನೆಂಟರು ಹೇಳಲ್ಲ. ಪ್ರಾರ್ಥನೆ ಕೂಟದಲ್ಲಿ ಕೂತ್ರೆ ಎಲ್ಲಾ ತಾನಾಗೇ ಬರುತ್ತೆ. ಈ ಸಲ ಸ್ವಲ್ಪ ತಡವಾಯ್ತು. ಪರವಾಗಿಲ್ಲ, ಬುಧವಾರ ಬರ್ತೀನಿ."

ಬಂದ. ಕುರ್ಚಿ ಹಾಕಿದ. ಅಕ್ಕ ಅಂದು ಕಣ್ಣು ತೆರೆದೇ ನಿಂತು, ತಾನು ಇಷ್ಟು ದಿನ ಮಾಡಿದ್ದು ಪ್ರಾರ್ಥನೆಯಲ್ಲ, ಚಾಡಿ ಎಂದಳು, ಇವನು ಯಾರೆಂಬುದನ್ನೂ ಹೇಳಿದಳು. ಅವನು ಮುಖ ಮುಚ್ಚಿಕೊಂಡು ಬಿಕ್ಕಿಬಿಕ್ಕಿ ಅತ್ತ. ಓಡಿಹೋದ ಹೆಂಡತಿ ಕಟ್ಟಿದ ಕಥೆ ಎಂದ. ಪಕ್ಕದವರು ಅವನ ಬೆನ್ನು ಸವರಿದರು. "ತೀರ್ಪು ನಮ್ಮದಲ್ಲ ತಂಗಿ. ಕುಳಿತುಕೋ," ಎಂದರು ಹಿರಿಯರು. ರೇಡಿಯೋ ಮತ್ತೆ ಶುರುವಾಯಿತು ಎಂದು ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ನಂಬಿಕೆ ಎನ್ನುವುದು ಅಡಿಕೆಗೆ ಹೋದ ಮಾನದ ಹಾಗೆ, ಆನೆ ಕೊಟ್ಟರೂ ಬಾರದು.

ಅವಳು ಕೂಟ ಬಿಡಲಿಲ್ಲ. ಬಿಟ್ಟರೆ ಅವನೊಬ್ಬನೇ ಕಣ್ಣು ತೆರೆದವನಾಗುತ್ತಿದ್ದ. ಈಗ ಅವಳು ಪ್ರಾರ್ಥಿಸುವುದು ಮನಸ್ಸಿನಲ್ಲೇ, ಅವನ ಎದುರಿನ ಕುರ್ಚಿಯಲ್ಲಿ ಕೂತು, ಎರಡೂ ಕಣ್ಣು ಬಿಟ್ಟು. ಯಾರದಾದರೂ ಪ್ರಾರ್ಥನೆ ಒಂದು ಬೀದಿ, ಒಂದು ಮನೆ, ಒಬ್ಬ ಹೆಂಗಸಿನ ಗುಟ್ಟಿನ ಕಡೆ ಹೊರಳಿದರೆ ಜೋರಾಗಿ ಕೆಮ್ಮುತ್ತಾಳೆ. ಅಕ್ಕನ ಕೆಮ್ಮು ವಾಸಿಯಾಗಲಿ ಎಂದು ಕೂಟದವರು ಪ್ರಾರ್ಥಿಸುತ್ತಾರೆ. ಅವಳ ವಿಶ್ವಾಸ ತಣ್ಣಗಾಗಿದೆ ಎಂಬ ಮಾತೂ ಇದೆ.

ಮೊನ್ನೆ ಲಾಂಡ್ರಿಯಲ್ಲಿ ಸೂಪರ್‌ವೈಸರಮ್ಮ ಹತ್ತಿರ ಬಂದು ದನಿ ತಗ್ಗಿಸಿ, "ಅವಳ ಸುದ್ದಿ ಬಂತು. ಈಗ ಅವಳು..." ಎಂದಳು. ಅಕ್ಕ ಒದ್ದೆ ಕೈಯಿಂದ ಅವಳ ಬಾಯಿ ಮುಚ್ಚಿದಳು.

"ಬೇಡ. ನನಗೆ ಹೇಳಬೇಡ. ಬದುಕಿದಾಳೆ ಅಂದ್ರೆ ಸಾಕು, ತಲೆ ಆಡಿಸು."

ಸೂಪರ್‌ವೈಸರಮ್ಮ ತಲೆ ಆಡಿಸಿದಳು. ಅಕ್ಕ ಮತ್ತೊಂದು ಬಟ್ಟೆಯನ್ನು ಯಂತ್ರಕ್ಕೆ ಕೊಟ್ಟಳು.

ಬುಧವಾರ ಕೂಟ ಮುಗಿದ ಮೇಲೆ ಅವನು ಕುರ್ಚಿ ಮಡಚಿಟ್ಟು ಅವಳ ಹಿಂದೆಯೇ ನಡೆಯುತ್ತಾನೆ. ಅವಳ ಬೀದಿಯ ತಿರುವಿನವರೆಗೆ ಬಂದು, ಪ್ರತಿ ವಾರವೂ ಅದೇ ಮೃದು ದನಿಯಲ್ಲಿ ಕೇಳುತ್ತಾನೆ: "ಏನಾದ್ರೂ ಗೊತ್ತಾಯ್ತಾ ಅಕ್ಕ?"

"ಗೊತ್ತಿಲ್ಲ," ಎನ್ನುತ್ತಾಳೆ ಅವಳು, ಮತ್ತು ಅದು ನಿಜ. ಮನೆಯ ಬಾಗಿಲಲ್ಲಿ ಗಂಡ ದೀಪ ಹಿಡಿದು ನಿಂತಿರುತ್ತಾನೆ. ಅವಳು ಒಳಗೆ ಬಂದ ಮೇಲೆ ಅವನು ಬಾಗಿಲಿಗೆ ಬೀಗ ಹಾಕಿ, ಎರಡು ಸಲ ಎಳೆದು ನೋಡುತ್ತಾನೆ.