ಸೊನೆ ಇಲ್ಲದ ಅವರೆ

ಇಬ್ಬನಿ ಬೀಳಲಿಲ್ಲ, ಜೊತೆಗೆ ನಾನು ಸುಳ್ಳು ಹೇಳಿದೆ. ನಡೆದದ್ದು ಇಷ್ಟೇ. ಊರಿನವರು ಬೀಜಕ್ಕೆ ದೃಷ್ಟಿ ತಗುಲಿತು ಎಂದರು. ಗಣಿಯ ಸೈನೈಡ್ ಗುಡ್ಡದ ಧೂಳು ಬಿತ್ತು ಎಂದರು. ಆ ಧೂಳು ನಾನು ಮದುವೆಯಾಗಿ ಬಂದ ದಿನದಿಂದಲೂ ಬೀಳುತ್ತಿದೆ. ಅದರ ತಲೆಗೆ ಕಟ್ಟಿ ನಾನು ಜಾರಿಕೊಳ್ಳುವುದಿಲ್ಲ.

ನಮ್ಮ ಹೊಲ ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ. ರಾಗಿಯ ಮಧ್ಯೆ ಅಲ್ಲಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ ಹಾಕುತ್ತೇವೆ. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಅವರೆಯೊಂದೇ ನಿಲ್ಲುತ್ತದೆ. ಚಳಿ ಹಿಡಿದು, ಗಿಡ ಇಬ್ಬನಿ ಕುಡಿದರೆ ಕಾಯಿಯ ಮೇಲೆ ಎಣ್ಣೆಯಂಥ ಅಂಟು ಬರುತ್ತದೆ. ಅದೇ ಸೊನೆ. ಕಾಯಿ ಬಿಡಿಸಿದ ಕೈಯನ್ನು ಎಷ್ಟು ತೊಳೆದರೂ ಅದರ ಘಮ ಹೋಗುವುದಿಲ್ಲ. ನಮ್ಮ ಕಡೆ ಅವರೆಕಾಯಿಯನ್ನು ನೋಡಿ ಯಾರೂ ಕೊಳ್ಳುವುದಿಲ್ಲ, ಮೂಸಿ ಕೊಳ್ಳುತ್ತಾರೆ.

ಬೀಜ ಆರಿಸುವುದೂ ಮೂಸಿಯೇ. ಕಾಯಿ ಬಲಿಯುವ ಹೊತ್ತಿಗೆ, ಬಿಸಿಲೇರುವ ಮುಂಚೆ, ಸಾಲು ಸಾಲಾಗಿ ಮೂಸುತ್ತಾ ಹೋಗಬೇಕು. ಘಮ ಹೆಚ್ಚಿರುವ ಗಿಡಕ್ಕೆ ಬಟ್ಟೆ ಚೂರು ಕಟ್ಟಬೇಕು. ಆ ಗಿಡವನ್ನು ಯಾರೂ ಮುಟ್ಟುವ ಹಾಗಿಲ್ಲ. ಅಲ್ಲೇ ಒಣಗಿದ ಕಾಯಿ ಮುಂದಿನ ವರ್ಷದ ಬೀಜ. ಈ ಕೆಲಸ ನಮ್ಮತ್ತೆ ಮಾಡುತ್ತಿದ್ದಳು, ಅವಳಾದ ಮೇಲೆ ನಾನು. ಊರಲ್ಲಿ ಹತ್ತು ಮನೆಯವರು ನಮ್ಮ ಬೀಜವನ್ನೇ ಒಯ್ಯುತ್ತಿದ್ದರು. ನಾನು ಓದಿದ್ದು ಎರಡನೇ ಕ್ಲಾಸು. ಆದರೆ ಅವರೆಯ ವಿಷಯದಲ್ಲಿ ನನ್ನ ಮೂಗು ಹೇಳಿದ್ದೇ ಕೊನೆ ಮಾತು.

ಹೋದ ವರ್ಷ ಕಾರ್ತೀಕದಲ್ಲಿ ಮಳೆ ಹಿಡಿಯಿತು. ಬೇಡದ ಮಳೆ. ಕೊಯ್ಯಬೇಕಾದ ರಾಗಿ ತೆನೆಯಲ್ಲೇ ಮೊಳೆಯಿತು. ಆಮೇಲೆ ಪುಷ್ಯ ಬಂತು, ಚಳಿ ಬರಲಿಲ್ಲ. ಕಂಬಳಿ ಪೆಟ್ಟಿಗೆಯಲ್ಲೇ ಉಳಿಯಿತು. ಬೆಳಗ್ಗೆ ಹೊಲಕ್ಕೆ ಹೋದರೆ ಎಲೆಗಳ ಮೇಲೆ, ಮಧ್ಯಾಹ್ನದಲ್ಲಿರುವಂತೆ, ಒಂದು ಹನಿ ಇಬ್ಬನಿಯೂ ಇರಲಿಲ್ಲ. ಮೊದಲ ಸಾಲು ಮೂಸಿದೆ. ಏನೂ ಇಲ್ಲ. ಎರಡನೆಯದು, ಮೂರನೆಯದು. ಬರೀ ಹಸಿ ಸೊಪ್ಪಿನ ವಾಸನೆ. ನನ್ನ ಸೊಸೆ ಬಟ್ಟೆ ಚೂರುಗಳನ್ನು ಹಿಡಿದು ಹಿಂದೆಯೇ ನಿಂತಿದ್ದಳು.

"ಯಾವ್ದತ್ತೆ?"

ಮೂಗು ಸತ್ತಿತು ಎಂದುಕೊಂಡೆ. ಮೂಗು ಸತ್ತ ಮುದುಕಿಯ ಮಾತು ಯಾರು ಕೇಳುತ್ತಾರೆ? ದಪ್ಪ ಕಾಯಿ ಬಿಟ್ಟ ಗಿಡಗಳನ್ನು ತೋರಿಸಿ "ಇವು" ಎಂದೆ. ಅವಳು ಕಟ್ಟಿದಳು.

ಮನೆಗೆ ಬಂದು, ಯಾರೂ ಇಲ್ಲದಾಗ ಸೀಮೆಎಣ್ಣೆ ಡಬ್ಬ ತೆಗೆದು ಮೂಸಿದೆ. ಬಂತು. ಇಂಗು ಮೂಸಿದೆ. ಬಂತು. ಮೂಗು ಸರಿಯಾಗಿತ್ತು. ಆಗಲೇ ನನಗೆ ನಿಜವಾಗಿ ಹೆದರಿಕೆಯಾದದ್ದು. ಮೂಗು ಸತ್ತರೆ ಒಬ್ಬ ಮುದುಕಿಯ ಕಥೆ. ಮೂಗು ಬದುಕಿದ್ದೂ ವಾಸನೆ ಇಲ್ಲ ಎಂದರೆ? ಆದರೂ ಬಾಯಿ ಬಿಡಲಿಲ್ಲ. ಬೀಜ ಹತ್ತು ಮನೆಗೂ ಹೋಯಿತು.

ಈ ವರ್ಷವೂ ಚಳಿ ಬರಲಿಲ್ಲ. ಸಂಕ್ರಾಂತಿ ಹತ್ತಿರ ಬುಟ್ಟಿ ಹೊತ್ತು ಬಂಗಾರಪೇಟೆ ಮಾರ್ಕೆಟ್ಟಿಗೆ ಹೋದೆ. ಕೆಜಿಎಫ್‌ನ ಚಾಂಪಿಯನ್ ರೀಫ್ಸಿನಿಂದ ತಮಿಳಿನವಳೊಬ್ಬಳು ಪ್ರತಿ ವರ್ಷ ಬರುತ್ತಾಳೆ, ಗಂಡ ಗಣಿಯಲ್ಲಿದ್ದವನು. ಒಂದು ಹಿಡಿ ಕಾಯಿ ಎತ್ತಿ ಮೂಗಿಗೆ ಹಿಡಿದಳು.

"ಎನ್ನಕ್ಕಾ ಇದು, ನಿನ್ ಒಲದ್ದೇನಾ? ವಾಸನೈಯೇ ಇಲ್ವಲ್ಲ."

"ನಿಂಗೇ ನೆಗಡಿಯೇನೋ, ಸೀನ್ಕೊಂಡ್ ಬಾ."

"ನಂಗಾ ನೆಗಡಿ? ಅಲ್ಲಿ ಸ್ಟೇಷನ್‌ತಾವ ಬೋಂಡಾ ಬೇಯೋದು ಇಲ್ಲೀಗ್ ಬತ್ತೈತೆ. ನೋಡಾಕೆ ಮಾತ್ರ ಮಾಪಿಳ್ಳೈ ತರ, ಮದ್ವೆ ಗಂಡಿನ್ ತರ ದಪ್ಪಕ್ಕವೆ ನಿನ್ ಕಾಯಿ! ಇದ್ರಲ್ಲಿ ಸಾರ್ ಮಾಡಿಟ್ರೆ ನಮ್ ಮನೆಯೋರು ತಟ್ಟೆ ಎತ್ತಿ ಬೀದೀಗ್ ಎಸೀತಾರೆ."

ಅಕ್ಕಪಕ್ಕದವರು ನಕ್ಕರು. ಅವಳು ಎತ್ತಿಕೊಂಡ ಕಾಯಿಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕಿ ಎದ್ದು ಹೋದಳು. ಬುಟ್ಟಿ ಹೋದ ಹಾಗೆಯೇ ಮನೆಗೆ ಬಂತು.

ಸೊಸೆ ಬುಟ್ಟಿ ನೋಡಿದಳು, ನನ್ನ ಮುಖ ನೋಡಿದಳು.

"ಅತ್ತೆ, ಒಂದ್ ಮಾತ್ ಏಳ್ತೀನಿ, ಬೈಬ್ಯಾಡ. ಕೃಷಿ ಆಫೀಸ್ ಮೇಡಂ ಕೊಡೋ ಅವರೆ ಯಾವ್ ಕಾಲದಾಗ್ ಆಕಿದ್ರೂ ಬಿಡ್ತದೆ. ಅದ್ಕೆ ಚಳಿ ಬ್ಯಾಡ, ಮಂಜು ಬ್ಯಾಡ. ಸೊನೆ ಅದ್ರಾಗೂ ಇಲ್ಲ, ಇದ್ರಾಗೂ ಇಲ್ಲ. ಇನ್ನ ಇದನ್ಯಾಕ್ ಕಟ್ಕೊಂಡ್ ಸಾಯಾನ? ಈ ಸಲ ಬೀಜ ಬಿಡೋದೇ ಬ್ಯಾಡ, ಕಿತ್ ತಿಂದ್ಬಿಡಾನ."

ಅವಳ ಮಾತಲ್ಲಿ ತಪ್ಪಿಲ್ಲ. ನಮ್ಮತ್ತೆಯ ಕಾಲದಿಂದ ಬಂದ ಬೀಜ ಅಂದು ಒಲೆಯ ಮುಂದೆ ಮುಗಿಯುತ್ತಿತ್ತು. ಅದು ತಾನಾಗಿ ಕೆಟ್ಟಿತು ಎಂದು ಅವಳು ನಂಬಿದ್ದಳು.

"ಓದ್ ವರ್ಷ ನಂಗ್ ಯಾವ ಗಿಡದಾಗೂ ವಾಸ್ನೆ ಸಿಗ್ಲಿಲ್ಲ ಕಣೆ," ಎಂದೆ. "ದಪ್ಪಕ್ಕಿದ್ದದ್ದು ನೋಡಿ ತೋರ್ಸ್‌ಬಿಟ್ಟೆ."

ಅವಳ ಕೈಯ ಸೌಟು ಅಲ್ಲೇ ನಿಂತಿತು. "ಅದ್ನೇ ಅತ್ತು ಮನೆಗೂ ಕೊಟ್ವಾ?"

"ಊಂ."

"ಅವ್ರ್ ಒಲದಾಗೂ ಇಂಗೇ?"

"ಇಂಗೇ ಇರ್ತದೆ."

ಮತ್ತೆ ಸಾರು ತಿರುವಿದಳು. ಬೈದಿದ್ದರೆ ನಾನೂ ಎರಡು ಮಾತು ಬೈಯುತ್ತಿದ್ದೆ. ಆಮೇಲೆ, ನನ್ನ ಕಡೆ ನೋಡದೆ, "ಒಂದ್ ಮಾತ್ ಕೇಳ್ಬಾರ್ದಾಗಿತ್ತಾ ಅತ್ತೆ? ನಂಗೂ ಮೂಗೈತೆ," ಎಂದಳು.

ಮಗ ಶಿಫ್ಟಿನಿಂದ ಬಂದು ಇಬ್ಬರೂ ಯಾಕೆ ಹೀಗಿದ್ದೀರಿ ಎಂದ. ಸೊಸೆ ಅವನ ತಟ್ಟೆಗೆ ಸಾರು ಬಡಿಸಿದಳು.

ಮರುದಿನ ಬೆಳಗ್ಗೆ ಸೊಸೆಯನ್ನು ಎಬ್ಬಿಸಿಕೊಂಡು ಕೆರೆಯಂಗಳಕ್ಕೆ ಹೊರಟೆ. ಅದು ತಗ್ಗು, ಎಲ್ಲೂ ಇಲ್ಲದ ಚಳಿ ಅಲ್ಲಿ ಸ್ವಲ್ಪ ನಿಲ್ಲುತ್ತದೆ. ಹಿಂದೆಂದೋ ಉದುರಿದ ಹಳೆಯ ಬೀಜದಿಂದ ಅಲ್ಲಿನ ಬೇಲಿಯಲ್ಲಿ ಅವರೆ ತಾನಾಗಿ ಹುಟ್ಟುವುದುಂಟು. ಮೊದಲೆಲ್ಲ ಆ ದಾರಿಯ ಹುಲ್ಲಲ್ಲಿ ನಡೆದರೆ ಮೊಣಕಾಲವರೆಗೆ ಸೀರೆ ಒದ್ದೆಯಾಗುತ್ತಿತ್ತು. ಅಂದು ಕೆರೆ ತಲುಪಿದಾಗ ಬಗ್ಗಿ ಸೀರೆಯ ಅಂಚನ್ನು ಹಿಂಡಿ ನೋಡಿದೆ. ಒಣಗಿತ್ತು.

ಜಾಲಿಯ ಮೇಲೆ ಒಂದೇ ಒಂದು ಬಳ್ಳಿ. ಸಣಕಲು ಕಾಯಿ, ಅರ್ಧಕ್ಕೆ ಹುಳು. ಮೂಸಿದೆ. ಏನೋ ಇದ್ದಂತಾಯಿತು. ಆದರೆ ನನ್ನ ಆಸೆಯೂ ಮೂಗಿನೊಳಗೇ ಕೂತಿತ್ತು, ಅದನ್ನು ನಂಬಲಿಲ್ಲ. ಬಾಯಿ ಮುಚ್ಚಿಕೊಂಡು ಕಾಯಿಯನ್ನು ಸೊಸೆಯ ಕಡೆಗೆ ಹಿಡಿದೆ.

ಅವಳು ಮೂಸಿದಳು. ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದಳು. "ಐತೆ... ಇಲ್ಲ... ತಡಿ." ಮತ್ತೆ ಮೂಸಿದಳು. "ಐತೆ ಕಣತ್ತೆ. ಚೂರು."

ಸೆರಗಿನ ತುದಿ ಹರಿದು ಅವಳ ಕೈಗೆ ಕೊಟ್ಟೆ. ಅವಳು ಬಳ್ಳಿಗೆ ಕಟ್ಟಿದಳು. ಅಷ್ಟರಲ್ಲಿ ಬಿಸಿಲು ಬೆನ್ನು ಸುಡುತ್ತಿತ್ತು. ಅಲ್ಲಿಂದ ಮನೆಗೆ ಬರದೆ, ಹತ್ತು ಮನೆಗಳಲ್ಲಿ ಮೊದಲನೆಯದರ ಬಾಗಿಲಿಗೆ ಹೋಗಿ ನಿಂತೆ. ನಾನು ಕೊಟ್ಟ ಬೀಜದ ಅವರೆಯಿಂದ ಬಿತ್ತನೆಗೆ ಒಂದು ಕಾಳನ್ನೂ ಇಟ್ಟುಕೊಳ್ಳಬೇಡಿ ಎಂದೆ.