ಆಡಿನ ಕೊಟ್ಟಿಗೆಯ ಭೀಮವ್ವ

ಆಡಿನ ವಾಸನೆ ಎಲ್ಲರಿಗೂ ಹಿಡಿಸುವಂಥದ್ದಲ್ಲ. ಮೊನ್ನೆ ಬೀದರಿನ ದವಾಖಾನೆಯಲ್ಲಿ ಡಯಾಲಿಸಿಸ್ ಮುಗಿಸಿ ಆಟೋದಲ್ಲಿ ಬರುವಾಗ ಗಾಂಧಿ ಗಂಜಿನ ಹತ್ತಿರ ಆಡಿನ ಹಿಂಡೊಂದು ಅಡ್ಡ ಬಂತು. ಆಟೋದವನು ಮೂಗು ಮುಚ್ಚಿಕೊಂಡು ಬೈದ. ನಾನು ಕಣ್ಣು ಮುಚ್ಚಿ ಎದೆತುಂಬ ಎಳೆದುಕೊಂಡೆ. ಮೂತ್ರಪಿಂಡ ಕೈಕೊಟ್ಟ ಮೇಲೆ ನನಗೆ ಎಲ್ಲವೂ ಸಾಕಾಗಿದೆ. ಧೈರ್ಯವಾಗಿರಿ, ನಗುನಗುತ್ತ ಇರಿ ಎನ್ನುವವರನ್ನು ಕಂಡರೆ ಮೈ ಉರಿಯುತ್ತದೆ. ನನ್ನ ಸೋದರತ್ತೆ ಭೀಮವ್ವ ಅಂಥ ಮಾತು ಒಂದನ್ನೂ ಆಡಿದವಳಲ್ಲ. ಅದಕ್ಕೇ ಇರಬೇಕು, ಆ ವಾಸನೆಗೆ ಅವಳೇ ನೆನಪಾದಳು.

ಕಮಠಾಣದ ನಮ್ಮ ಮನೆ ಈಗಿಲ್ಲ, ಅಲ್ಲಿದ್ದವರಲ್ಲಿ ನಾನೊಬ್ಬಳೇ ಉಳಿದಿದ್ದೇನೆ. ನಿಜಾಮರ ಕಾಲ ಅದು. ನಮಗೆ ಕುರಿ, ಆಡು, ಒಂದಿಷ್ಟು ತೊಗರಿ ಹೊಲ ಇತ್ತು. ಅಪ್ಪನ ತಂಗಿ ಭೀಮವ್ವನನ್ನು ಔರಾದಿಗೆ ಕೊಟ್ಟಿದ್ದರು. ಕ್ಷಯ ಹಿಡಿದು ಕೆಮ್ಮಿನಲ್ಲಿ ರಕ್ತ ಕಾಣಿಸಿಕೊಂಡದ್ದೇ ತಡ, ಗಂಡನ ಮನೆಯವರು ಬಂಡಿಯಲ್ಲಿ ಕೂರಿಸಿ ಕಳಿಸಿಬಿಟ್ಟರು. ಕ್ಷಯದವರು ಆಡುಗಳ ನಡುವೆ ಮಲಗಿದರೆ ಆಡಿನ ಉಸಿರು ಎದೆಯನ್ನು ವಾಸಿ ಮಾಡುತ್ತದೆ ಎಂಬುದು ನಮ್ಮ ಕಡೆಯ ಹಿರಿಯರ ನಂಬಿಕೆ. ಹಾಗಾಗಿ ಅತ್ತೆ ಮಲಗುವ ಹೊರಸನ್ನು ಆಡಿನ ಕೊಟ್ಟಿಗೆಯಲ್ಲೇ ಹಾಕಿದರು. ಈಗಿನ ಡಾಕ್ಟರರು ಕೇಳಿದರೆ ನಕ್ಕಾರು. ನಗಲಿ.

ಅತ್ತೆ ದೇವತೆಯೇನಲ್ಲ. ಗಂಡನನ್ನು ಬಾಯಿತುಂಬ ಬೈಯುತ್ತಿದ್ದಳು, ಕೆಮ್ಮಿ ಸುಸ್ತಾದಾಗ ಗೋಡೆಗೆ ಮುಖ ಮಾಡಿ ಮಲಗಿಬಿಡುತ್ತಿದ್ದಳು. ಆದರೆ ಆಡುಗಳು ಹಸಿದು ಒದರಿದರೆ ಏಳಲೇಬೇಕು. ಸೊಪ್ಪು ಹಾಕಿ, ಹಾಲು ಹಿಂಡಿ, ಹಿಕ್ಕೆ ಗುಡಿಸುವಷ್ಟರಲ್ಲಿ ಅವಳಿಗೆ ಬೈಯುವ ಹುರುಪು ಮತ್ತೆ ಬಂದಿರುತ್ತಿತ್ತು. ಹಟಮಾರಿ ಆಡೊಂದಕ್ಕೆ ತನ್ನ ಅತ್ತೆಯ ಹೆಸರು, ಗಡ್ಡದ ಹೋತಕ್ಕೆ ಮಾವನ ಹೆಸರು ಇಟ್ಟಿದ್ದಳು. ಗಂಡನ ಮನೆಯವರನ್ನೆಲ್ಲ ಹೀಗೆ ಗೂಟಕ್ಕೆ ಕಟ್ಟಿ, ಹೊಟ್ಟೆಗೂ ಹಾಕುತ್ತಿದ್ದಳು.

ರಜಾಕಾರರ ಗದ್ದಲ ಜೋರಾಗಿ, ಇನ್ನೇನು ಹಿಂದೂಸ್ತಾನದ ಫೌಜು ಬರುತ್ತದೆ, ಗುಂಡು ಹಾರುತ್ತವೆ ಎಂಬ ಸುದ್ದಿ ಹಬ್ಬಿದಾಗ ಅಪ್ಪ ನಮ್ಮನ್ನೆಲ್ಲ ಭಾಲ್ಕಿಯ ಬೀಗರ ಮನೆಗೆ ಹೊರಡಿಸಿದ. ಬಂಡಿ ಹೂಡಿ ನಿಂತಾಗ ಅತ್ತೆ ಹತ್ತಲಿಲ್ಲ.

"ಬೀಗರ ಮನ್ಯಾಗ ನನ್ನ ಯಾವ ಮೂಲ್ಯಾಗ ಒಗೀತಿ, ಅಣ್ಣಾ? ಕೆಮ್ಮೋಳಿಗಿ ಯಾರ ಬಾಗಿಲ ತೆಗೀತಾರ? ಈ ಆಡ ಇವತ್ತ ನಾಳಿ ಮರಿ ಹಾಕ್ತದ. ನೀವು ಹೋಗ್ರಿ."

ಅಪ್ಪ ಗದರಿದ, ಕೈಮುಗಿದ, ಎತ್ತಿಕೊಳ್ಳಲೂ ಹೋದ. ಅವಳು ಹೊರಸಿನ ಕಾಲು ಬಿಡಲಿಲ್ಲ. ಬಂಡಿ ಊರು ದಾಟುವಾಗ ಅಪ್ಪ ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ತಿರುಗಿ ಬರುವಷ್ಟರಲ್ಲಿ ಅವಳು ಇರುವುದಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು.

ಫೌಜು ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ದಾರಿ ತಿಳಿಯಾದ ಮೇಲೆ ಮರಳಿದೆವು. ಅತ್ತೆ ಎಲುಬಿನ ಗೂಡಾಗಿದ್ದಳು, ಆದರೆ ಎದ್ದು ಕೂತಿದ್ದಳು, ಮಡಿಲಲ್ಲಿ ಮರಿ. ನಾನು ಬಾಗಿಲಲ್ಲೇ ನಿಂತು, "ಅತ್ತೀ, ಆರಾಮ ಆಯ್ತೇನು ನಿನಗ?" ಎಂದು ಕೇಳಿದೆ.

"ಇಲ್ಲವ್ವಾ, ಆಗಂಗೂ ಇಲ್ಲ," ಎಂದಳು. "ಹಂಗಂತ ಇದನ್ನ ಇವತ್ತ ಉಪಾಸ ಕೆಡವಲೇನು?"

ಆ ಚಳಿಗಾಲವನ್ನು ಹೇಗೋ ದಾಟಿದಳು. ಬಿಸಿಲು ಏರುವ ದಿನಗಳ ಒಂದು ಮುಂಜಾನೆ ಆಡುಗಳು ಒಂದೇ ಸಮನೆ ಒದರಿದವು, ಅತ್ತೆ ಏಳಲಿಲ್ಲ. ಅವಳನ್ನು ಮಣ್ಣಿಗಿಟ್ಟು ಗಂಡಸರು ಬಂದ ಮೇಲೂ ಅವು ಸುಮ್ಮನಾಗಲಿಲ್ಲ. ಕೆಚ್ಚಲು ಬಿಗಿದು ನೋಯುತ್ತಿದ್ದವು. ಅವ್ವ ರೋಗಕ್ಕೆ ಹೆದರಿ ಆ ಕೊಟ್ಟಿಗೆಗೆ ಕಾಲಿಟ್ಟವಳೇ ಅಲ್ಲ. ಅವತ್ತು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು, ಖಾಲಿ ಹೊರಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಅಳುತ್ತಲೇ ಹಾಲು ಹಿಂಡಿದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ನನಗೆ ಹಸಿವು. ಅತ್ತೆಯದೇ ಚರಿಗೆಯನ್ನು ಅವ್ವ ನನ್ನ ಕೈಗೆ ಕೊಟ್ಟು, ಕುಡಿ ಎಂದಳು. ಹಾಲು ಇನ್ನೂ ಬೆಚ್ಚಗಿತ್ತು.