ಮೊಮ್ಮಗಳ ಏಕಾದಶಿ

ನನ್ನ ಮೊಮ್ಮಗಳು ಹತ್ತನೇ ಕ್ಲಾಸಿಗೆ ಬಂದ ವರ್ಷ ತಾನಾಗಿಯೇ ಏಕಾದಶಿ ಹಿಡಿದಳು. ನಮ್ಮಲ್ಲಿ ಏಕಾದಶಿಯೆಂದರೆ ಬರೀ ನೀರು. ಮರುದಿನ ದ್ವಾದಶಿ ಬೆಳಿಗ್ಗೆ ಪೂಜೆ ಮುಗಿಸಿ ಪಾರಣೆಯ ಊಟ. ಮದುವೆಯಾಗಿ ಮದರಾಸಿಗೆ ಬಂದಾಗಿನಿಂದ ನಾನು ಒಂದನ್ನೂ ಬಿಟ್ಟವಳಲ್ಲ. ಮಗ, ಸೊಸೆ ಆಫೀಸಿನ ನೆಪ ಹೇಳಿ ಎಂದೋ ಬಿಟ್ಟಿದ್ದರು. ಹಾಗಿರುವಾಗ, ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಈ ಹುಡುಗಿ, "ಅಜ್ಜಿ, ನಾನೂ ನಿಮ್ ಜೊತೆ ಉಪವಾಸ ಇರ್ತೀನಿ" ಎಂದಾಗ ನನಗೆ ಹಿಗ್ಗೋ ಹಿಗ್ಗು. ಮೈಲಾಪೂರಿನ ಮಠದಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ರಾಯರಿಗೆಂದು ಗುರುವಾರ ಒಪ್ಪೊತ್ತು ಶುರುಮಾಡಿದಳು. ಆಮೇಲೆ ಶನಿವಾರ. ಆಮೇಲೆ ಸೋಮವಾರವೂ ಸೇರಿತು. ಸೋಮವಾರದ ಉಪವಾಸ ನಮ್ಮ ಮನೆತನದಲ್ಲೇ ಇಲ್ಲ. ಆಗಲಾದರೂ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಸೊಸೆ ಒಂದು ದಿನ, "ಅತ್ತೆ, ಅವಳ ಸ್ಕರ್ಟು ಸೊಂಟದಲ್ಲಿ ನಿಲ್ತಾನೇ ಇಲ್ಲ. ಪಿನ್ ಚುಚ್ಕೊಂಡು ಸ್ಕೂಲಿಗೆ ಹೋಗ್ತಾಳೆ" ಎಂದಳು.

"ಬೆಳೆಯೋ ವಯಸ್ಸು, ಎತ್ತರಕ್ಕೆ ಎಳೀತಿದೆ. ನೀನಂತೂ ಮಾಡಲ್ಲ, ಮಾಡೋಳಿಗೆ ಅಡ್ಡ ಬರಬೇಡ" ಎಂದು ಅವಳ ಬಾಯಿ ಮುಚ್ಚಿಸಿದೆ.

ಗುಟ್ಟು ಹೊರಬಿದ್ದದ್ದು ಒಂದು ದ್ವಾದಶಿಯ ಬೆಳಿಗ್ಗೆ. ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ಗೊಜ್ಜು ಮಾಡಿ ಬಡಿಸಿದೆ. ಅವಳು ತಟ್ಟೆ ಸರಿಸಿ, "ವೇಂಡಾಂ ಅಜ್ಜಿ" ಎಂದಳು. ಪಾರಣೆ ಬಿಟ್ಟರೆ ಏಕಾದಶಿಯ ಫಲವೇ ಇಲ್ಲವೆಂದು ಅವಳಿಗೆ ಹತ್ತು ಸಲ ಹೇಳಿದ್ದೆ. ಫಲ ಬೇಕಾದವಳು ಹೀಗೆ ಎದ್ದು ಹೋಗುತ್ತಾಳೆಯೇ? ಬಾಗಿಲ ಹತ್ತಿರ ಅವಳ ಕಾಲು ತಡವರಿಸಿತು. ಹಿಡಿದುಕೊಂಡೆ. ತೋಳು ಕಡ್ಡಿಯ ಹಾಗಿತ್ತು.

ಸಕ್ಕರೆ ನೀರು ಕುಡಿಸಿ ಕೇಳಿದೆ. "ನಿಜ ಹೇಳು. ಈ ಉಪವಾಸ ಯಾರಿಗೋಸ್ಕರ? ದೇವರಿಗಂತೂ ಅಲ್ಲ."

ಅತ್ತಳು. ಆಮೇಲೆ ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದಳು. ಓದಿಗೆಂದು ಮಗ ತಂದಿದ್ದ ಕಂಪ್ಯೂಟರು. ಕ್ಲಾಸಿನ ಮಕ್ಕಳೆಲ್ಲ ಅದರಲ್ಲಿ ಒಂದೇ ಕಡೆ ಫೋಟೋ ಹಾಕುತ್ತಾರೆ, ಕೆಳಗೆ ಬೇಕಾದವರು ಬೇಕಾದ್ದು ಬರೆಯುತ್ತಾರೆ. ಇವಳು ಸ್ಕೂಲ್ ಡೇಯಲ್ಲಿ ಕುಣಿದ ಫೋಟೋ ಅಲ್ಲಿತ್ತು.

"ಕೆಳಗೇನು ಬರೆದಿದೆ?"

"ಪೂಸಣಿ ಅಂತ."

ತಮಿಳಿನಲ್ಲಿ ಪೂಸಣಿಯೆಂದರೆ ಕುಂಬಳಕಾಯಿ.

"ಅದರ ಕೆಳಗೆ ಇಷ್ಟುದ್ದ?"

"ಎಲ್ಲರೂ ನಕ್ಕಿದಾರೆ ಅಜ್ಜಿ."

"ನಗೋದನ್ನೂ ಬರೀತಾರೇನೇ?"

"ಹಾ ಹಾ ಹಾ ಅಂತ ಬರೀತಾರೆ." ಮೂಗು ಒರೆಸಿಕೊಂಡಳು. "ಟೀವಿ ಡ್ಯಾನ್ಸಲ್ಲಿ ಬರೋರನ್ನ ನೋಡಿ. ನನ್ನ ಹಾಗೆ ಒಬ್ಳಾದ್ರೂ ಇದಾಳಾ?"

ಆ ಟೀವಿಯ ಮುಂದೆ ದಿನಾ ಅವಳ ಪಕ್ಕ ಕೂರುತ್ತಿದ್ದವಳು ನಾನೇ. ಸ್ವಲ್ಪ ದಪ್ಪಗಿನ ಹುಡುಗಿ ಕುಣಿಯಲು ಬಂದರೆ, "ಇವಳನ್ನ ಯಾರಪ್ಪಾ ಹತ್ತಿಸಿದ್ದು, ಹಲಗೆ ಮುರಿಯುತ್ತೆ" ಎಂದು ನಕ್ಕವಳೂ ನಾನೇ. ಬರೆದವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಮುಖವಿತ್ತು? ಅವರು ಕೈಯಲ್ಲಿ ಬರೆದರು, ನಾನು ಬಾಯಲ್ಲಿ ಆಡಿದೆ.

ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ರಕ್ತ ಕಡಿಮೆ, ಮೂರು ತಿಂಗಳಿಂದ ಮುಟ್ಟಾಗಿಲ್ಲ. ಮಡಿ ಮಡಿ ಎಂದು ಹಾರಾಡುವ ನಾನು ಅದನ್ನೂ ಗಮನಿಸಿರಲಿಲ್ಲ. ಉಪವಾಸ ನಿಲ್ಲಿಸಬೇಕೆಂದು ಆಕೆ ಹೇಳಿದಾಗ ಈ ಹುಡುಗಿ, "ನಮ್ಮನೆ ಪದ್ಧತಿ ಡಾಕ್ಟರ್, ಅಜ್ಜಿ ಒಪ್ಪಲ್ಲ" ಎಂದಳು. ನನ್ನನ್ನೇ ಅಡ್ಡ ಹಿಡಿದುಕೊಂಡು ಹಸಿದಿರುವ ಯೋಚನೆ!

ಮುಂದಿನ ಏಕಾದಶಿ ಬಂತು. ಅನ್ನ ಮಾಡಿ, ಸಾರು ಮಾಡಿ, ಅವಳನ್ನು ಕರೆದೆ.

"ನೀವು ತಿಂದ್ರೆ ನಾನೂ ತಿಂತೀನಿ" ಎಂದಳು. ಅಜ್ಜಿ ಸತ್ತರೂ ತಿನ್ನುವುದಿಲ್ಲವೆಂಬ ಧೈರ್ಯ ಅವಳಿಗೆ.

ಇನ್ನೊಂದು ತಟ್ಟೆ ಹಾಕಿಕೊಂಡು ಕೂತೆ. ಮಗ ಪೇಪರು ಕೆಳಗಿಟ್ಟ. ಸೊಸೆ ಅಡುಗೆಮನೆಯಿಂದ ಇಣುಕಿದಳು. ಅನ್ನ ಕಲಸಿ ಬಾಯಿಗಿಟ್ಟೆ. ಮೊದಲ ತುತ್ತು ಗಂಟಲಲ್ಲಿ ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಎರಡನೆಯದು ಇಳಿಯಿತು.

"ಅಯ್ಯೋ ಅಜ್ಜಿ, ನಿಮಗೆ ಪಾಪ ಬರುತ್ತೆ!"

"ಬಂದ್ರೆ ನನಗೆ ಬರುತ್ತೆ. ನೀನು ಕಲಸು."

ನಾಲ್ಕು ತುತ್ತು ತಿಂದಳು. ಅಷ್ಟೇ. ಅವತ್ತೇ ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬೇಡಿ. ಅನ್ನ ಬಚ್ಚಿಟ್ಟಳು, ಜಗಳವಾಡಿದಳು, ಕನ್ನಡಿಯ ಮುಂದೆ ನಿಂತು ಅತ್ತಳು. ಡಾಕ್ಟರಮ್ಮನ ಹತ್ತಿರ ತಿಂಗಳು ತಿಂಗಳು ಹೋದೆವು. ಟೀವಿ ನೋಡುವಾಗ ನಾನು ನಾಲಿಗೆ ಬಿಗಿಹಿಡಿದೆ. ಅದು ಏಕಾದಶಿಗಿಂತ ಕಷ್ಟ. ಮಠದಲ್ಲಿ, "ಏನ್ರೀ, ಏಕಾದಶಿ ಬಿಟ್ರಂತೆ?" ಎಂದು ಕೇಳಿದವರಿಗೆ, "ಹೌದು, ಬಿಟ್ಟೆ. ಮೊಮ್ಮಗಳು ಉಣ್ಣಬೇಕಿತ್ತು" ಎಂದೆ. ಅವರು ಮುಖ ಮುಖ ನೋಡಿಕೊಂಡರು. ನೋಡಿಕೊಳ್ಳಲಿ.

ದೀಪಾವಳಿ ಕಳೆದು ಸ್ವಲ್ಪ ದಿನಕ್ಕೆ, ಒಂದು ಸಂಜೆ ಸ್ಕೂಲಿನಿಂದ ಬಂದವಳು ಬ್ಯಾಗು ಎಸೆದು, "ಅಜ್ಜಿ, ಪಸಿಕ್ಕುದು" ಎಂದಳು. ಹಸಿವು ಎಂಬ ಮಾತು ಅವಳ ಬಾಯಿಂದ ಬಂದು ಎಷ್ಟು ತಿಂಗಳಾಗಿತ್ತೋ. ನಾನು ಏನೂ ತೋರಿಸಿಕೊಳ್ಳದೆ ಕಾವಲಿ ಇಟ್ಟು ಎರಡು ದೋಸೆ ಹುಯ್ದುಕೊಟ್ಟೆ. ಮೂರನೆಯದನ್ನು ಅವಳೇ ಬಂದು ಹುಯ್ದುಕೊಂಡಳು. ದಪ್ಪಗೆ, ಒಂದು ಕಡೆ ಸೀದಿತ್ತು. ಪೂರ್ತಿ ತಿಂದಳು.